ಮೊದಲು ಉಪ್ಪುಕಾಗದ ಕೆಳಗಿಡಿ

ಕಳೆದ ತಿಂಗಳು ಸಿರುಗುಪ್ಪ ಕಡೆಯ ರೈತರೊಬ್ಬರು ಬಳ್ಳಾರಿಯ ನಮ್ಮ ಬಂದೂಕು ರಿಪೇರಿ ಅಂಗಡಿಗೆ ಬಂದು ಟವೆಲ್ ಬಿಚ್ಚಿದರು. ಒಳಗೆ ಅವರಪ್ಪನ ಕಾಲದ .32 ವೆಬ್ಲಿ ಸ್ಕಾಟ್ ಪಿಸ್ತೂಲು. ಬೆಳ್ಳಿ ಲೋಟದ ಹಾಗೆ ಫಳಫಳ ಅಂತಿತ್ತು. ನನ್ನ ಎದೆ ಧಸಕ್ ಅಂತು.

"ಅರ್ಧ ಕೆಲಸ ನಾನೇ ಮಾಡಿಸ್ಕೊಂಡು ಬಂದೀನ್ರೀ. ಕಪ್ಪು ಹಾಕಿ ಕೊಡ್ರಿ, ರೇಟು ಸ್ವಲ್ಪ ನೋಡ್ಕೊಂಡು ಹೇಳ್ರಿ."

ಪಾತ್ರೆ ಪಾಲಿಷ್ ಮಾಡುವ ಮೋಟರಿಗೆ ಹಿಡಿಸಿದ್ದರು. ಅಂಚುಗಳೆಲ್ಲ ಸವೆದು ಸೋಪಿನ ಬಿಲ್ಲೆಯಂತೆ ದುಂಡಗಾಗಿದ್ದವು. ಪಿಸ್ತೂಲಿನ ಮೇಲೆ ಕೆತ್ತಿದ್ದ ಸೀರಿಯಲ್ ನಂಬರಿನ ಕೊನೆಯ ಎರಡು ಅಂಕಿ ಭೂತಗನ್ನಡಿಯಲ್ಲೂ ಸರಿಯಾಗಿ ಕಾಣಲಿಲ್ಲ.

ಕಪ್ಪು 'ಹಾಕೋದು' ಅನ್ನುವ ಮಾತೇ ತಪ್ಪು. ಬ್ಲೂಯಿಂಗ್, ಅಂದರೆ ಉಕ್ಕಿಗೆ ಈ ಕಪ್ಪು ಹಿಡಿಸೋದು, ಪೇಂಟ್ ಅಲ್ಲ, ಅದೂ ಒಂದು ಥರದ ತುಕ್ಕೇ. ಸಂಡೂರಿನ ಅದಿರಿನ ಕೆಂಪು ಧೂಳು ನಮಗೆಲ್ಲ ಗೊತ್ತು. ಅದರಲ್ಲೂ ಇರುವುದು ಕಬ್ಬಿಣ ಮತ್ತು ಆಮ್ಲಜನಕ, ಪಿಸ್ತೂಲಿನ ಕಪ್ಪಿನಲ್ಲೂ ಅವೇ. ಕೂಡಿರುವ ಲೆಕ್ಕ ಮಾತ್ರ ಬೇರೆ. ಹಳೆಯ ಪದ್ಧತಿಯಲ್ಲಿ ನಾವು ಬೇಕಂತಲೇ ತೆಳುವಾಗಿ ಕೆಂಪು ತುಕ್ಕು ಹಿಡಿಸುತ್ತೇವೆ. ಆಮೇಲೆ ಕುದಿಯುವ ನೀರಿಗೆ ಬಿಡುತ್ತೇವೆ. ಕಣ್ಣೆದುರೇ ಕೆಂಪು ಕಪ್ಪಾಗುತ್ತೆ. ಉಜ್ಜಿ, ಮತ್ತೆ ತುಕ್ಕು ಹಿಡಿಸಿ, ಮತ್ತೆ ಕುದಿಸಿ, ಹೀಗೆ ಐದಾರು ಸಲ. ನಮ್ಮ ಬೇಸಿಗೆಯ ಒಣಹವೆಯಲ್ಲಿ ಸುಮ್ನೆ ಬಿಟ್ಟರೆ ತುಕ್ಕೂ ಸರಿಯಾಗಿ ಹಿಡಿಯಲ್ಲ. ಪೆಟ್ಟಿಗೆಯಲ್ಲಿ ಒದ್ದೆ ಗೋಣಿಚೀಲ ತೂಗುಹಾಕಿ ಕಾಯಬೇಕು.

ಈ ಪದರ ಕೂದಲಿಗಿಂತ ಎಷ್ಟೋ ತೆಳು. ಅದು ಗುಂಡಿ ತುಂಬಲ್ಲ, ಗೀರು ಮುಚ್ಚಲ್ಲ. ಕೆಳಗಿನ ಉಕ್ಕು ಹೇಗಿದೆಯೋ ಮೇಲೂ ಹಾಗೇ ಕಾಣುತ್ತೆ. ಗೀರು ಇನ್ನೂ ಎದ್ದು ಕಾಣುತ್ತೆ. ಅದಕ್ಕೇ ನಮ್ಮ ಕೂಲಿಯ ಮುಕ್ಕಾಲು ಪಾಲು ಕಪ್ಪಿಗಲ್ಲ, ಅದಕ್ಕೂ ಮುಂಚಿನ ಕೈಪಾಲಿಷಿಗೆ. ಅಕ್ಷರ, ಅಂಚು ಉಳಿಸಿಕೊಂಡು ಸಪಾಟು ಕಡ್ಡಿಗೆ ಉಪ್ಪುಕಾಗದ ಸುತ್ತಿ ಒಂದೊಂದೇ ಮೈ ಉಜ್ಜುವ ಕೆಲಸ ಅದು. ನೀವು ಮೋಟರಿಗೆ ಹಿಡಿಸಿ ತಂದರೆ ನನ್ನ ಕೆಲಸ ಕಮ್ಮಿ ಆಗಲ್ಲ, ಇಮ್ಮಡಿ ಆಗುತ್ತೆ. ಹೋದ ಉಕ್ಕನ್ನು ನಾನೆಲ್ಲಿಂದ ತರಲಿ?

ಇಲ್ಲಿನ ಜೀನ್ಸ್ ಕಾರ್ಖಾನೆಯ ಗಿರಾಕಿಯೊಬ್ಬರಿಗೆ ಇದನ್ನೇ ಮೂರು ಸಲ ಹೇಳಿದೆ. ಕೊನೆಗೆ ಅವರು ನಕ್ಕು, "ನಾವು ಹೊಸ ಪ್ಯಾಂಟು ತಿಕ್ಕಿ ಹಳೇದು ಮಾಡಿ ಜಾಸ್ತಿ ರೇಟಿಗೆ ಮಾರ್ತೀವಿ, ನಿಮ್ಮದು ಉಲ್ಟಾ ಧಂದೆ" ಅಂದರು. ಅವರ ಪಿಸ್ತೂಲಿಗೆ ಬೇಕಿದ್ದದ್ದು ಎಣ್ಣೆ ಮತ್ತು ತೀರಾ ನಯವಾದ, ನಾಲ್ಕು ಸೊನ್ನೆಯ ಸ್ಟೀಲ್ ವುಲ್ ಅಷ್ಟೇ. ಮೇಲಿನ ಕೆಂಪು ತುಕ್ಕು ಹೋಗಿ ಹಳೇ ಕಪ್ಪು ಉಳಿಯಿತು. ಚರ್ಮದ ಚೀಲ ಉಜ್ಜಿ ಬೆಳ್ಳಗಾದ ಅಂಚಿಗೆ ಕೋಲ್ಡ್ ಬ್ಲೂ, ಅಂದರೆ ಕುದಿಸದೆ ಹಚ್ಚುವ ಕಪ್ಪಿನ ದ್ರಾವಣ, ಮುಟ್ಟಿಸಿದೆ. ಅದು ಹೆಚ್ಚು ದಿನ ಬಾಳಲ್ಲ ಅಂತಲೂ ಹೇಳಿದೆ. ಅದರಲ್ಲಿರೋದು ಸೆಲೆನಿಯಂನ ವಿಷ, ಗ್ಲೌಸ್ ಬೇಕೇ ಬೇಕು. ಕಡಿಮೆ ದುಡ್ಡಿನಲ್ಲಿ ಆಗುವುದು ಸಾಮಾನ್ಯವಾಗಿ ಇಷ್ಟೇ. ಹೆಚ್ಚಿನ ಪಿಸ್ತೂಲುಗಳಿಗೆ ಇಷ್ಟೇ ಸಾಕು ಕೂಡ.

ಕ್ರೋಮ್ ಮಾಡಿಸಲಾ ಅಂತ ಕೇಳುವವರಿಗೆ: ಬೇಡ. ಪ್ಲೇಟಿಂಗ್ ತೊಟ್ಟಿಯಲ್ಲಿ ಹೈಡ್ರೋಜನ್ ಹೊಕ್ಕು ಗಟ್ಟಿ ಉಕ್ಕು, ಸ್ಪ್ರಿಂಗು ಪೆಡಸಾಗಿ ಮುರಿಯಬಹುದು. ಜೋಡುನಳಿಗೆ ಬಂದೂಕನ್ನು ಕಪ್ಪು ಹಿಡಿಸುವ ಬಿಸಿ ಕಾಸ್ಟಿಕ್ ಸೋಡಾ ತೊಟ್ಟಿಗೆ ಹಾಕಿದರೆ ನಳಿಗೆ ಬೆಸೆದ ಸೀಸದ ಬೆಸುಗೆಯೇ ಬಿಟ್ಟುಹೋಗುತ್ತೆ.

ಸಿರುಗುಪ್ಪದವರ ಪಿಸ್ತೂಲನ್ನು ನಾನು ಮುಟ್ಟಲಿಲ್ಲ. 1959ರ ಆಯುಧ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ನಂಬರ್ ಅಳಿಸೋದು ಅಪರಾಧ. ಲೈಸೆನ್ಸ್ ಇಲ್ಲದ ಅಂಗಡಿಗೆ ರಿಪೇರಿಗೆ ಕೊಡೋದೂ ತಪ್ಪೇ. ಬೇಕಂತ ಮಾಡಿದ್ದಲ್ಲ, ಗೊತ್ತು. ಆದರೂ ಮೊದಲು ವಕೀಲರನ್ನು ಕಂಡು, ಲೈಸೆನ್ಸ್ ಕೊಟ್ಟವರಿಗೆ ಬರಹದಲ್ಲಿ ತಿಳಿಸಿ ಅಂದೆ. ಪಾಪ, ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ಆಯುಧಪೂಜೆ ಆದಮೇಲೆ ಇನ್ನೊಂದು ಗುಂಪು ಬರುತ್ತೆ. ಒದ್ದೆ ಕುಂಕುಮ, ಮೇಲೆ ನಿಂಬೆರಸ, ಒರೆಸದೆ ಬೀರುವಿಗೆ. ಒಬ್ಬರ ಪಿಸ್ತೂಲಿನಲ್ಲಿ ಕುಂಕುಮ ತೆಗೆದರೆ ಕೆಳಗೆ ಬೊಟ್ಟಿನ ಆಕಾರಕ್ಕೇ ಕಪ್ಪು ತಿಂದುಹೋಗಿತ್ತು. ಸರಿ ಮಾಡಿಕೊಡ್ತೀನಿ ಅಂದೆ.

"ಬ್ಯಾಡ್ರಿ, ಅದು ನಮ್ಮವ್ವ ಇಟ್ಟಿದ್ದು. ಹಂಗೇ ಇರ್ಲಿ."

ಎಣ್ಣೆ ಸವರಿ ಹಾಗೇ ಕೊಟ್ಟೆ.