ಪುಕ್ಕಟೆ ದುಡಿಯುವವರು ದುಡ್ಡು ಯಾಕೆ ಕೊಡಬೇಕು?

ಪ್ರಶ್ನೆ: ಈಕ್ವೆಡಾರ್‌ನ ಮಳೆಕಾಡಿನಲ್ಲಿ ಕಿಚ್ವಾ ಎಂಬ ಮೂಲನಿವಾಸಿಗಳ ಊರಿನಲ್ಲಿ ಒಂದು ತಿಂಗಳು ಸ್ವಯಂಸೇವೆ ಮಾಡಬೇಕೆಂದಿದ್ದೇನೆ. ಊಟ, ವಸತಿಗೆ ದುಡ್ಡು ಕೇಳುತ್ತಿದ್ದಾರೆ. ಕೆಲಸವನ್ನೂ ಮಾಡಿ ಹಣವನ್ನೂ ಕೊಡುವುದೆಂದರೆ ಮೋಸವಲ್ಲವೇ?

ಉತ್ತರ: ಕೇಳುವವರ ಹೆಸರು ಬದಲಾಗುತ್ತದೆ, ಪ್ರಶ್ನೆ ಮಾತ್ರ ಇದೇ. ಈ ಸಲ ಲೆಕ್ಕ ಬಿಡಿಸಿಯೇ ಹೇಳಿಬಿಡುತ್ತೇನೆ.

ಮೋಸವಲ್ಲ. ನಿಮ್ಮ ದುಡಿಮೆಗಾಗಿ ಆ ಊರು ಕಾದು ಕೂತಿದೆ ಎಂದುಕೊಂಡಿದ್ದೀರಲ್ಲ, ತಪ್ಪಿರುವುದು ಅಲ್ಲಿ. ನಾಪೊ ಪ್ರಾಂತ್ಯದ ತೇನಾ ಪಟ್ಟಣದ ಸುತ್ತಲಿನ ಕಿಚ್ವಾ ಊರುಗಳಲ್ಲಿ ದಾರಿ ಸವರುವುದು, ಸೂರು ಹೊದಿಸುವುದು ಇಂಥ ಕೆಲಸಕ್ಕೆ ‘ಮಿಂಗಾ’ ಕರೆಯುತ್ತಾರೆ. ಮನೆಮನೆಯಿಂದ ಜನ ಬಂದು ಸೇರಿ ಮುಗಿಸುತ್ತಾರೆ. ಕೀಬೋರ್ಡ್ ಕುಟ್ಟಿದ ಕೈ ಅಲ್ಲಿ ಮಚ್ಚು ಹಿಡಿದರೆ ಮೊದಲು ಏಳುವುದು ಬೊಬ್ಬೆ.

ಕಳೆ ತೆಗೆಯುತ್ತೇನೆ ಅನ್ನುತ್ತೀರಾ? ಅವರ ತೋಟ, ಅಂದರೆ ‘ಚಾಕ್ರಾ’, ಹೊಸಬರ ಕಣ್ಣಿಗೆ ಬರೀ ಕಾಡು. ಮರಗೆಣಸು, ಬಾಳೆ, ಕೊಕೊ, ಗ್ವಾಯುಸಾ (ಎಲೆಯನ್ನು ಚಹಾದಂತೆ ಕುದಿಸಿ ಕುಡಿಯುವ ಗಿಡ), ಮದ್ದಿನ ಗಿಡ, ನೆರಳಿನ ಮರ ಎಲ್ಲ ಒಂದರೊಳಗೊಂದು ಬೆಳೆದಿರುತ್ತವೆ. 2023ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಜಾಗತಿಕ ಮಹತ್ವದ ಕೃಷಿ ಪರಂಪರೆ ಎಂದು ಗುರುತಿಸಿದ್ದು ಇದನ್ನೇ. ಇದನ್ನು ನೋಡಿಕೊಳ್ಳುವವರು ಹೆಚ್ಚಾಗಿ ಹೆಂಗಸರು. ಯಾವುದು ಕಳೆ, ಯಾವುದು ಮದ್ದು ಎಂದು ಗೊತ್ತಿಲ್ಲದವರು ಮಚ್ಚು ಬೀಸಿದರೆ ಕಳೆಯ ಜೊತೆ ಕೊಕೊ ಸಸಿಯೂ ಹೋಗುತ್ತದೆ. ಇನ್ನೊಂದು ನೆಟ್ಟರೆ ಕಾಯಿ ಬಿಡಲು ಮೂರ್ನಾಲ್ಕು ವರ್ಷ. ಅದಕ್ಕೇ ಮೊದಲ ವಾರಗಳಲ್ಲಿ ಒಬ್ಬರು ತಮ್ಮ ಕೆಲಸ ಬಿಟ್ಟು ನಿಮ್ಮ ಹಿಂದೆಯೇ ಇರಬೇಕು. ಅಂದರೆ ಊರಿಗೆ ಒಂದು ಆಳು ಹೆಚ್ಚಾಗಲಿಲ್ಲ, ಕಡಿಮೆಯಾಯಿತು.

ಇದರ ಮೇಲೆ ಅಕ್ಕಿ, ಎಣ್ಣೆ, ಗ್ಯಾಸ್ ಸಿಲಿಂಡರ್, ದೋಣಿಯ ಪೆಟ್ರೋಲ್ ಎಲ್ಲವೂ ಪೇಟೆಯಿಂದ ಬರಬೇಕು, ಅದೂ ಡಾಲರ್‌ನಲ್ಲಿ. 2000ದಿಂದ ಆ ದೇಶದ ನಾಣ್ಯವೇ ಅಮೆರಿಕನ್ ಡಾಲರ್. (ಚಿಲ್ಲರೆ ಒಯ್ಯಿರಿ. ನೂರರ ನೋಟು ಹಿಡಿದು ಹೋದರೆ ಅಂಗಡಿಯವರು ಮುಟ್ಟುವುದಿಲ್ಲ.)

“ಹಾಗಾದರೆ ಇಂಗ್ಲಿಷ್ ಕಲಿಸುತ್ತೇನೆ” ಎಂಬುದು ಮುಂದಿನ ಮಾತು. ತಿಂಗಳಿಗೊಬ್ಬರು ಬಂದು ಬಣ್ಣಗಳ ಹೆಸರಿನಿಂದಲೇ ಶುರುಮಾಡಿದರೆ ಮಕ್ಕಳು ಹತ್ತನೇ ಸಲ ‘ರೆಡ್, ಬ್ಲೂ’ ಅನ್ನುತ್ತಾರೆ, ಅಷ್ಟೇ. ನಿಮಗೆ ಸ್ಪ್ಯಾನಿಷ್ ಬಾರದಿದ್ದರೆ ಅದೂ ಕಷ್ಟ.

ದುಡ್ಡು ಯಾಕೆ ಎಂದು ಕೇಳುವ ಬದಲು ಯಾರ ಕೈಗೆ ಎಂದು ಕೇಳಿ. ಅಲ್ಲಿ ಭೂಮಿ ಸಾಮಾನ್ಯವಾಗಿ ಇಡೀ ಸಮುದಾಯದ್ದು. ಸಾಮೂಹಿಕ ಹಕ್ಕನ್ನು 2008ರ ಸಂವಿಧಾನವೂ ಒಪ್ಪಿದೆ. ನೀವು ಬರುವುದಕ್ಕೆ ಊರ ಸಭೆ ಒಪ್ಪಿದೆಯೇ? ನೀವು ಕೊಟ್ಟದ್ದರಲ್ಲಿ ಊಟ ಹಾಕುವ ಮನೆಗೆಷ್ಟು, ಊರಿನ ನಿಧಿಗೆಷ್ಟು, ನಡುವಿನ ಏಜೆಂಟ್‌ಗೆಷ್ಟು? ಬಿಡಿಬಿಡಿಯಾಗಿ ಹೇಳದ ಏಜೆಂಟ್ ಸಹವಾಸ ಬೇಡ. ಸಭೆಗೆ ತಿಳಿಸದೆ ಒಂದೇ ಮನೆಯವರ ಜೊತೆ ಮಾತಾಡಿಕೊಂಡು ಬಂದಿಳಿದರೆ ಊರಿನಲ್ಲಿ ಮನಸ್ತಾಪ ಖಂಡಿತ.

ಹೋಗುವ ದಾರಿ ಎಲ್ಲರೂ ಕೇಳುತ್ತಾರೆ: ರಾಜಧಾನಿ ಕೀಟೊದಿಂದ ತೇನಾಗೆ ಬಸ್ಸಿನಲ್ಲಿ ಸುಮಾರು ಐದು ತಾಸು, ಮಳೆ ಜೋರಾದರೆ ಬಾಯೆಸಾ ಕಡೆ ಗುಡ್ಡ ಕುಸಿದು ರಸ್ತೆ ಮುಚ್ಚುವುದುಂಟು. ವಾಪಸ್ ಬರುವುದರ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಈಕ್ವೆಡಾರ್ ಹಳದಿ ಜ್ವರದ (ಸೊಳ್ಳೆಯಿಂದ ಹರಡುವ ‘ಯೆಲ್ಲೋ ಫೀವರ್’) ದೇಶ. ಲಸಿಕೆಯ ಸರ್ಟಿಫಿಕೇಟ್ ಇಲ್ಲದೆ ಅಲ್ಲಿಂದ ನೇರ ಬೆಂಗಳೂರಿಗೆ ಬಂದಿಳಿದರೆ ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಸರ್ಟಿಫಿಕೇಟ್ ಚಾಲ್ತಿಗೆ ಬರುವುದು ಚುಚ್ಚಿಸಿಕೊಂಡ ಹತ್ತು ದಿನಕ್ಕೆ, ಆಮೇಲೆ ಜೀವಮಾನವಿಡೀ ನಡೆಯುತ್ತದೆ. ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲೇ ಹಾಕಿಸಿ. ಮೊಟ್ಟೆ ಅಲರ್ಜಿಯಿದ್ದರೆ, ಅರವತ್ತು ದಾಟಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. ಸರ್ಟಿಫಿಕೇಟಿನಲ್ಲಿ ಪಾಸ್‌ಪೋರ್ಟ್ ನಂಬರ್ ಬರೆಯುತ್ತಾರೆ. ಪಾಸ್‌ಪೋರ್ಟ್ ನವೀಕರಿಸುವುದಿದ್ದರೆ ಅದನ್ನು ಮೊದಲು ಮುಗಿಸಿ, ಲಸಿಕೆ ಆಮೇಲೆ.