ಒಂದೇ ಬಳಪದ ಕಲ್ಲು, ಎರಡು ಗೋಡೆ

ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಗೋಡೆಯಲ್ಲಿ ಕೆಳಗಿನ ಆನೆ ಸಾಲನ್ನು ಎಣಿಸಲು ಹೋಗಿ ನೋಡಿ. ಹತ್ತು ಹನ್ನೆರಡಕ್ಕೇ ಲೆಕ್ಕ ತಪ್ಪುತ್ತದೆ. ಆನೆಯ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಇನ್ನೂ ಮೇಲೆ ರಾಮಾಯಣ, ಮಹಾಭಾರತ. ಬೆರಳಗಲದ ಜಾಗವನ್ನೂ ಸುಮ್ನೆ ಬಿಟ್ಟಿಲ್ಲ.

ಇದಕ್ಕೆಲ್ಲ ಬಳಪದ ಕಲ್ಲೇ ಕಾರಣ ಅನ್ನುತ್ತಾರೆ. ನಿಜವೇ. ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ವಜ್ರ 10. ಬಳಪದ ಕಲ್ಲಿನಲ್ಲಿರುವ ಕ್ಲೋರೈಟ್ ಎಂಬ ಖನಿಜ 2ರಿಂದ 2.5, ಅಂದರೆ ಹೆಚ್ಚುಕಡಿಮೆ ನಮ್ಮ ಉಗುರಿನಷ್ಟು. ಗ್ರಾನೈಟಿನಲ್ಲಿರುವ ಕ್ವಾರ್ಟ್ಜ್ 7. ಗ್ರಾನೈಟಿನ ಹರಳುಗಳೂ ದಪ್ಪ. ಅದರಲ್ಲಿ ಸಾಸಿವೆ ಗಾತ್ರದ ಮಣಿ ಕೆತ್ತಲು ಹೋದರೆ ಹರಳೇ ಕಿತ್ತು ಬರಬಹುದು. ಬಳಪದ ಕಲ್ಲಿನ ಕಣ ಸಣ್ಣದು, ಉಳಿ ಹೇಳಿದ ಹಾಗೆ ಕೇಳುತ್ತದೆ. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ ಅಂತಲೂ ಹೇಳುತ್ತಾರೆ.

ಮೆತ್ತನೆ ಕಲ್ಲು ಸಿಕ್ಕಿತು, ಕೆತ್ತಿದರು, ಅಷ್ಟೇ ಅಂತ ನಾನೂ ಅಂದುಕೊಂಡಿದ್ದೆ. ಅಲ್ಲಿಂದ ಬಸ್ತಿಹಳ್ಳಿಗೆ ನಡೆದು ಹೋಗುವ ತನಕ.

ಅಲ್ಲಿನ ಪಾರ್ಶ್ವನಾಥ ಬಸದಿಯೂ ಹೊಯ್ಸಳರ ಕಾಲದ್ದೇ, 12ನೇ ಶತಮಾನದ್ದು. ಕಲ್ಲೂ ಅದೇ. ಆದರೆ ಹೊರಗೋಡೆ ಬಹುಮಟ್ಟಿಗೆ ಬೋಳು. ಒಳಗೆ ಹೋದರೆ ತಿರುಗಣಿಯಲ್ಲಿ ಕಡೆದು ಉಜ್ಜಿದ ಕಂಬಗಳು. ಅದೇ ಮೆತ್ತನೆ ಗುಣ, ಅದೇ ಸಣ್ಣ ಕಣ ಇಲ್ಲಿ ಹೊಳಪಿಗೆ ಒದಗಿವೆ. ಉಜ್ಜಿದಷ್ಟೂ ಮೈ ನುಣುಪಾಗುತ್ತದೆ, ಬೆಳಕು ಚದುರದೆ ಒಟ್ಟಾಗಿ ಹಿಂದಿರುಗುತ್ತದೆ. ಕಲ್ಲು ಎರಡಕ್ಕೂ ಸೈ ಅಂದಿತ್ತು. ಯಾವುದು ಬೇಕು ಅಂತ ಆರಿಸಿದವರು ಕಟ್ಟಿಸಿದವರು, ಕಟ್ಟಿದವರು.

ನೋಡುವ ಕಣ್ಣಿಗೆ ಮಾತ್ರ ಎರಡೂ ಕಡೆ ಬೇರೆ ಬೇರೆ ಕೆಲಸ. ಕೈ ಚಾಚಿ ಹೆಬ್ಬೆರಳಿನ ಉಗುರು ನೋಡಿ. ಕಣ್ಣಿಗೆ ತೀರಾ ಸ್ಪಷ್ಟವಾಗಿ ಕಾಣುವುದು ಸುಮಾರು ಅಷ್ಟಗಲ ಮಾತ್ರ. ಉಳಿದದ್ದು ಮಸುಕು. ಅದಕ್ಕೇ ಕಣ್ಣು ಸೆಕೆಂಡಿಗೆ ಮೂರ್ನಾಲ್ಕು ಸಲ ಜಿಗಿಯುತ್ತದೆ. ಹೊಯ್ಸಳೇಶ್ವರದಲ್ಲಿ ನೋಟದ ಅಂಚಿನಲ್ಲಿರುವ ಬೊಂಬೆಗಳು ಒಂದಕ್ಕೊಂದು ಕಲಸಿಕೊಂಡು ಬರೀ ನೇಯ್ಗೆಯ ಹಾಗೆ ಕಾಣುತ್ತವೆ. ಆನೆ ಲೆಕ್ಕ ತಪ್ಪುವುದೂ ಇದರಿಂದಲೇ. ಎಷ್ಟು ಜಿಗಿದರೂ ಇನ್ನೊಂದು ಬಾಕಿ. ಸಾಕಾಗುವುದೂ ಇಲ್ಲ, ಸುಸ್ತಾಗದೆ ಇರುವುದೂ ಇಲ್ಲ, ಅಲ್ವಾ?

ಬಸದಿಯಲ್ಲಿ ಜಿಗಿಯಲು ಜಾಗ ಕಡಿಮೆ. ಕಣ್ಣು ಕಂಬದ ಮೇಲೆ ನಿಲ್ಲುತ್ತದೆ. ಅದರ ಉಬ್ಬಿನಲ್ಲಿ ನನ್ನ ಮುಖ ಸಣಕಲಾಗಿ, ಕಡ್ಡಿಯ ಹಾಗೆ ಕಂಡಿತು. ಒಂದು ಹೆಜ್ಜೆ ಪಕ್ಕಕ್ಕೆ ಸರಿದೆ. ಮುಖ ಹೋಗಿ ಬಾಗಿಲಿನ ಬೆಳಕು ಬಂತು.