ಇಲ್ಲದ ದೀಪಕ್ಕೆ ಸ್ವಿಚ್: ಲಿನಕ್ಸ್‌ನಲ್ಲಿ ಓಎಲ್‌ಇಡಿ ಬ್ರೈಟ್‌ನೆಸ್ ಕಥೆ

ರಾತ್ರಿ ರೂಮಿನ ಲೈಟ್ ಆರಿಸಿ, ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ ಓಎಲ್‌ಇಡಿ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಂ ಹಾಕಿ ಕೂತಿದ್ದೆ. ಬ್ರೈಟ್‌ನೆಸ್ ಕೀ ಒತ್ತಿದರೆ ಸೂರ್ಯನ ಚಿತ್ರದ ಪಟ್ಟಿ ಬಂತು, 80, 60, 40 ಅಂತ ಸೊನ್ನೆವರೆಗೂ ಇಳಿಯಿತು. ಪರದೆ ಮಾತ್ರ ಕಣ್ಣಿಗೆ ಹೊಡೆಯುತ್ತಲೇ ಇತ್ತು. ಸಿಸ್ಟಂ ಫೈಲ್ ತೆರೆದು ನೋಡಿದೆ, ಅಲ್ಲೂ ಸೊನ್ನೆ. ಅಂದರೆ ಲಿನಕ್ಸ್ ಲೆಕ್ಕದಲ್ಲಿ ಕೆಲಸ ಮುಗಿದಿದೆ!

ಇದರ ಬೇರು ಎಲ್‌ಸಿಡಿ ಕಾಲದ್ದು. ಎಲ್‌ಸಿಡಿ ಪರದೆ ತಾನಾಗಿ ಬೆಳಗುವುದಿಲ್ಲ. ಹಿಂದೆ ಒಂದು ದೀಪ ಇರುತ್ತದೆ, ಮೊದಲು ತೆಳ್ಳನೆಯ ಟ್ಯೂಬ್, ಆಮೇಲೆ ಎಲ್‌ಇಡಿ. ಆ ದೀಪವನ್ನು ಕಣ್ಣಿಗೆ ಗೊತ್ತಾಗದಷ್ಟು ಬೇಗ ಆರಿಸಿ ಹೊತ್ತಿಸಿ ಬೆಳಕು ಕಮ್ಮಿ ಜಾಸ್ತಿ ಮಾಡುವುದಕ್ಕೆ ಪಿಡಬ್ಲ್ಯೂಎಂ ಅಂತಾರೆ. ಲಿನಕ್ಸ್‌ನಲ್ಲಿ ಇದಕ್ಕೊಂದು ಫೋಲ್ಡರ್, ಹೆಸರೇ ಬ್ಯಾಕ್‌ಲೈಟ್. ಅದರೊಳಗಿನ ಪುಟ್ಟ ಫೈಲಿನಲ್ಲಿ ಒಂದು ಸಂಖ್ಯೆ ಬರೆದರೆ ಉಳಿದದ್ದನ್ನು ಡ್ರೈವರ್, ಅಂದರೆ ಹಾರ್ಡ್‌ವೇರ್ ನಡೆಸೋ ಪ್ರೋಗ್ರಾಂ, ನೋಡಿಕೊಳ್ಳುತ್ತದೆ. ಆಗಲೂ ಎಲ್ಲ ಸಲೀಸಾಗಿತ್ತು ಅಂತಲ್ಲ. ದೀಪದ ಯಜಮಾನಿಕೆ ಬಯಾಸ್‌ನದೋ (ಯಂತ್ರ ಆನ್ ಆದ ತಕ್ಷಣ ಓಡೋ, ಕಂಪನಿಯೇ ಒಳಗಿಟ್ಟ ಪ್ರೋಗ್ರಾಂ), ಗ್ರಾಫಿಕ್ಸ್ ಡ್ರೈವರ್‌ನದೋ, ಲ್ಯಾಪ್‌ಟಾಪ್ ಕಂಪನಿಯ ಸ್ವಂತ ಡ್ರೈವರ್‌ನದೋ ಅನ್ನೋ ಜಗಳ ಬಿಡಿಸೋಕೇ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಒಂದು ಬೂಟ್ ಆಯ್ಕೆ, ಅಂದರೆ ಯಂತ್ರ ಶುರುವಾಗುವಾಗ ಕೊಡೋ ಸೂಚನೆ, ಇದೆ. ಆದರೆ ಜಗಳ ಆಡೋಕೆ ದೀಪ ಅಂತೂ ಇತ್ತು.

2016ರಲ್ಲಿ ಥಿಂಕ್‌ಪ್ಯಾಡ್ ಎಕ್ಸ್1 ಯೋಗ ಓಎಲ್‌ಇಡಿ ಪರದೆಯಲ್ಲೂ ಬಂತು. ಇದರಲ್ಲಿ ದೀಪವೇ ಇಲ್ಲ, ಒಂದೊಂದು ಪಿಕ್ಸೆಲ್ಲೂ ತಾನೇ ಬೆಳಗುತ್ತದೆ. ಲಿನಕ್ಸ್ ಎಂದಿನಂತೆ ಪಿಡಬ್ಲ್ಯೂಎಂ ಸಿಗ್ನಲ್ ಕಳಿಸಿತು. ಆ ಕಡೆ ಕೇಳುವವರೇ ಇರಲಿಲ್ಲ.

ಜನ ಅಡ್ಡದಾರಿ ಹುಡುಕಿದರು. ಎಕ್ಸ್‌ರ‍್ಯಾಂಡರ್ ಅನ್ನೋ ಕಮಾಂಡ್‌ನಿಂದ ಚಿತ್ರದ ಬಣ್ಣಗಳನ್ನೇ ಮಂಕು ಮಾಡೋದು. ಎಲ್‌ಸಿಡಿಯಲ್ಲಿ ಹೀಗೆ ಮಾಡಿದರೆ ಹಿಂದಿನ ದೀಪ ಪೂರ್ತಿ ಉರಿಯುತ್ತಲೇ ಇರುತ್ತದೆ, ಓಎಲ್‌ಇಡಿಯಲ್ಲಿ ಪಿಕ್ಸೆಲ್ ನಿಜವಾಗಲೂ ಕಮ್ಮಿ ಬೆಳಗುತ್ತದೆ, ಹಾಗಾಗಿ ಬ್ಯಾಟರಿಯೂ ಸ್ವಲ್ಪ ಉಳಿಯುತ್ತದೆ. ಆದರೆ ಅರ್ಧಕ್ಕೆ ಇಳಿಸಿದಿರಿ ಅನ್ನಿ, ಒಂದು ಬಣ್ಣದ 256 ಮೆಟ್ಟಿಲಲ್ಲಿ ಸುಮಾರು 128 ಮಾತ್ರ ಉಳಿಯುತ್ತವೆ, ರಾತ್ರಿ ಆಕಾಶದ ಫೋಟೋದಲ್ಲಿ ಪಟ್ಟೆ ಪಟ್ಟೆ ಕಾಣುತ್ತದೆ. ರಾತ್ರಿ ಪರದೆಯನ್ನು ಹಳದಿ ಮಾಡೋ ರೆಡ್‌ಶಿಫ್ಟ್ ಪ್ರೋಗ್ರಾಂ ಕೂಡ ಅದೇ ಬಣ್ಣದ ಕೋಷ್ಟಕಕ್ಕೆ ಬರೆಯೋದರಿಂದ, ಕೊನೆಗೆ ಬರೆದವನದ್ದೇ ಗೆಲುವು. ಇದೆಲ್ಲ ಲಾಗಿನ್ ಆದ ಮೇಲೆ ಶುರುವಾಗೋ ಸ್ಕ್ರಿಪ್ಟ್, ಅಲ್ಲೀವರೆಗೆ ಪೂರ್ತಿ ಬೆಳಕು ತಡಕೊಳ್ಳಬೇಕು.

ಸರಿಯಾದ ದಾರಿ ಪರದೆಗೆ ಹೋಗೋ ಕೇಬಲ್‌ನಲ್ಲೇ ಇತ್ತು. ಡಿಸ್‌ಪ್ಲೇಪೋರ್ಟ್ ಅನ್ನೋ ಆ ಸಂಪರ್ಕದಲ್ಲಿ ಚಿತ್ರದ ಜೊತೆಗೆ ಆಕ್ಸ್ ಅನ್ನೋ ಚಿಕ್ಕ ಮಾತುಕತೆಯ ಸಾಲು ಇದೆ. ಅದರ ಮೂಲಕ ಪರದೆಯ ಚಿಪ್‌ಗೇ ಇಷ್ಟು ಬೆಳಗು ಅಂತ ಹೇಳಬಹುದು. ಇದಕ್ಕೆ ಪರದೆಗಳ ನಿಯಮ ರೂಪಿಸೋ ವೆಸಾ ಸಂಸ್ಥೆಯ ಸ್ಟ್ಯಾಂಡರ್ಡ್ ಇತ್ತು, ಇಂಟೆಲ್ ಡ್ರೈವರ್‌ನಲ್ಲಿ ಕೋಡೂ ಇತ್ತು. ಆದರೂ ಕೆಲಸ ಆಗುತ್ತಿರಲಿಲ್ಲ. ಯಾಕೆ ಅಂದ್ರೆ, ನನಗೆ ಈ ಇಡೀ ಕಥೆಯಲ್ಲಿ ಜಾಸ್ತಿ ನಗು ಬರಿಸೋದು ಇದೇ, ಯಂತ್ರಗಳು ಸುಳ್ಳು ಹೇಳುತ್ತಿದ್ದವು. ಬಯಾಸ್‌ನ ಕೋಷ್ಟಕ ನೋಡಿದರೆ ಪಿಡಬ್ಲ್ಯೂಎಂ ಬಳಸಿ ಅನ್ನುತ್ತದೆ. ಪರದೆಯನ್ನು ಕೇಳಿದರೆ ನನಗೆ ವೆಸಾ ದಾರಿ ಗೊತ್ತು ಅನ್ನುತ್ತದೆ, ಆ ದಾರಿಯಲ್ಲಿ ಹೇಳಿದರೆ ಸರಿಯಾಗಿ ಕೇಳುವುದಿಲ್ಲ. ಇಂಥ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ನಿಜಕ್ಕೂ ನಡೆಯುತ್ತಿದ್ದದ್ದು ಮೂರನೇ ದಾರಿ, ಇಂಟೆಲ್‌ನ ಸ್ವಂತದ್ದು, ಎಚ್‌ಡಿಆರ್‌ಗೆ (ಬೆಳಕು ಕತ್ತಲೆಯ ವ್ಯತ್ಯಾಸ ಜಾಸ್ತಿ ತೋರಿಸೋ ಚಿತ್ರಗಳಿಗೆ) ಅಂತ ಮಾಡಿದ್ದು.

ಲಿನಕ್ಸ್ ಕಂಪನಿ ರೆಡ್ ಹ್ಯಾಟ್‌ನ ಲೈಡ್ ಪಾಲ್ 2020ರಲ್ಲಿ ಮೊದಲು ತೇಪೆ ಹಾಕಿದರು: ಪರದೆಯ ಗುರುತು ನೋಡಿ, ಈ ಪಟ್ಟಿಯಲ್ಲಿದ್ದರೆ ಬಯಾಸ್ ಮಾತು ಕೇಳಬೇಡ, ಆಕ್ಸ್ ಬಳಸು. ಹೊಸ ಮಾಡೆಲ್ ಬಂದ ಹಾಗೆಲ್ಲ ಪಟ್ಟಿ ಉದ್ದ ಮಾಡುತ್ತಾ ಹೋಗಬೇಕು, ಅದು ಬಾಳುವ ಕೆಲಸವಲ್ಲ. ಆಮೇಲೆ ಅವರೇ ಇಂಟೆಲ್ ದಾರಿಯನ್ನು ಬರೆದರು, ಅದು 2021ರ ಏಪ್ರಿಲ್‌ನಲ್ಲಿ ಬಂದ ಕರ್ನಲ್ 5.12ರಲ್ಲಿ ಸೇರಿತು, ಆ ಪಟ್ಟಿಯನ್ನು ಕಿತ್ತು ಹಾಕಿದರು. ಈ ದಾರಿಯಲ್ಲಿ ಬ್ರೈಟ್‌ನೆಸ್ಸನ್ನು ನೇರವಾಗಿ ನಿಟ್ಸ್ (ಪರದೆಯ ಬೆಳಕು ಅಳೆಯೋ ಮಾನ) ಲೆಕ್ಕದಲ್ಲೇ ಕೊಡಬಹುದು. ಎಎಮ್‌ಡಿ ಡ್ರೈವರ್ ಆಕ್ಸ್ ದಾರಿಯನ್ನು ತನ್ನದೇ ರೀತಿಯಲ್ಲಿ ನೋಡಿಕೊಳ್ಳುತ್ತದೆ, ಅದು ಬೇರೆ ಕಥೆ.

ಇಷ್ಟಾದರೂ ಕೆಲವು ಯಂತ್ರದಲ್ಲಿ ಡ್ರೈವರ್‌ನ ಊಹೆ ತಪ್ಪುತ್ತದೆ. ಅದಕ್ಕೇ ಇಂಟೆಲ್ ಡ್ರೈವರ್‌ಗೆ ಒಂದು ಬೂಟ್ ಆಯ್ಕೆ ಇಟ್ಟಿದ್ದಾರೆ, 2 ಕೊಟ್ಟರೆ ಕಡ್ಡಾಯವಾಗಿ ವೆಸಾ, 3 ಕೊಟ್ಟರೆ ಇಂಟೆಲ್. ನಾನು 3 ಹಾಕಿ ರೀಸ್ಟಾರ್ಟ್ ಮಾಡಿದೆ. ಪಾಸ್‌ವರ್ಡ್ ಹಾಕೋಕೂ ಮುಂಚೆ, ಲಾಗಿನ್ ಪರದೆಯಲ್ಲೇ ಕೀ ಒತ್ತಿ ನೋಡಿದೆ. ಈ ಸಲ ಪಟ್ಟಿಯ ಜೊತೆ ಪರದೆಯೂ ಇಳಿಯಿತು.